ಒಂದನೆಯ ತರಗತಿಗೆ ಸೇರಿದ ತಾಯಿಯವರು

ಪೂಜ್ಯ ಸುವ್ರತಾ ತಾಯಿಯವರು ಆಗ ನೇಪಾಳದ ತರಾಯಿ ಬಯಲಿನಲ್ಲಿ, ಬೇಲಟೋಲಿ ಎಂಬ ಹಳ್ಳಿಯಲ್ಲಿ ವಾಸವಾಗಿದ್ದರು. ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ ಒಂದೇ ಕೋಣೆಯ ಗುಡಿಸಲು, ಮೂಲೆಯಲ್ಲೊಂದು ಚಾಪೆ. ಅಲ್ಲಿಂದ ಕೂಗಳತೆಯಲ್ಲಿ ಮುಸಹರರ ಕೇರಿ. ಮುಟ್ಟಬಾರದವರೆಂದು ಊರವರು ದೂರ ಇಟ್ಟ, ಸ್ವಂತ ನೆಲವಿಲ್ಲದೆ ಪರರ ಗದ್ದೆಗಳಲ್ಲಿ ಕೂಲಿ ಮಾಡಿ ಬದುಕುವ ಜನ ಅವರು. ಆ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿಯುತ್ತಿದ್ದ ಒಂದು ಸೇವಾ ಸಂಘವು ಸ್ವಯಂಸೇವಕರು ಬೇಕೆಂದು ಬೇಡಿಕೊಂಡಾಗ, ಬೀದರ್ ಸೀಮೆಯ ತಮ್ಮ ಮಠವನ್ನು ಶಿಷ್ಯೆಯರಿಗೆ ಒಪ್ಪಿಸಿ ತಾಯಿಯವರೇ ಹೊರಟು ಬಂದಿದ್ದರು. ವಯಸ್ಸು ಅರವತ್ತು ದಾಟಿತ್ತು.

ಸಂಘದವರು ಅವರಿಂದ ಪಾಠ ಹೇಳಿಸಬೇಕೆಂದಿದ್ದರು. ತಾಯಿಯವರು ಕೆಲವು ದಿನ ಸುಮ್ಮನೆ ನೋಡಿದರು. ಕೇರಿಯ ಮಕ್ಕಳ ಹೆಸರುಗಳೆಲ್ಲ ಊರ ಶಾಲೆಯ ಹಾಜರಿಯಲ್ಲಿದ್ದವು. ಆದರೆ ಅವರನ್ನು ಕೂರಿಸುತ್ತಿದ್ದುದು ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ. ಕರಿಹಲಗೆ ಅಲ್ಲಿಗೆ ಕಾಣದು, ಮಾತು ಅರ್ಧ ಕೇಳದು. ಮಧ್ಯಾಹ್ನದೊಳಗೆ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು.

ಒಂದು ದಿನ ತಾಯಿಯವರು ಮುಖ್ಯೋಪಾಧ್ಯಾಯರಾದ ದೇವನಾರಾಯಣರ ಮುಂದೆ ಕೈಮುಗಿದು ನಿಂತರು. "ನನಗೆ ಹಿಂದಿ ಬರುತ್ತದೆ, ನೇಪಾಳಿ ಬಾರದು. ಒಂದನೆಯ ತರಗತಿಗೆ ಸೇರಿಸಿಕೊಳ್ಳಿ" ಎಂದರು. ದೇವನಾರಾಯಣರು ನಕ್ಕುಬಿಟ್ಟರು. ಮರುದಿನ ನೋಡುತ್ತಾರೆ, ಕಾವಿಯುಟ್ಟ ಆ ತಾಯಿ ಸ್ಲೇಟು ಹಿಡಿದು ಬಾಗಿಲ ಹೊರಗೆ, ಕೇರಿಯ ಮಕ್ಕಳ ಸಾಲಿನಲ್ಲಿ ಕುಳಿತಿದ್ದಾರೆ. ಒಳಗೆ ಬಂದು ಕುರ್ಚಿಯ ಮೇಲೆ ಕೂರಿರೆಂದು ಎಷ್ಟು ಕರೆದರೂ ಅವರು ಏಳಲಿಲ್ಲ.

ಇದು ನಡೆಯುತ್ತಿರುವಾಗಲೇ ಮಾಣಿಕಪ್ಪ ಮಾಸ್ತರರು ಬೇಲಟೋಲಿಗೆ ಬಂದರು. ಹುಮನಾಬಾದಿನಲ್ಲಿ ಹೈಸ್ಕೂಲು ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಮಠದ ಹಳೆಯ ಭಕ್ತರು. ತಾಯಿಯವರನ್ನು ಹೇಗಾದರೂ ಮಾಡಿ ಕರೆತರಬೇಕೆಂದು ಭಕ್ತರೆಲ್ಲ ಸೇರಿ ಅವರನ್ನು ಕಳಿಸಿದ್ದರು. ಮಾಸ್ತರರಿಗೋ ಆಯುಷ್ಯವೆಲ್ಲ ಪಾಠ ಹೇಳಿ ಮನಸ್ಸು ಒಣಗಿಹೋಗಿತ್ತು. ಕೆಲವು ಮಕ್ಕಳ ತಲೆಗೆ ವಿದ್ಯೆ ಹತ್ತುವುದಿಲ್ಲ, ಹತ್ತಿಸಲು ಹೋಗುವುದೇ ತಪ್ಪು ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಪಾದಕ್ಕೆರಗಿ ಎದ್ದವರೇ ತಡೆಯಲಾರದೆ ಕೇಳಿದರು: "ತಾಯಿ, ಪರದೇಶಕ್ಕ ಬಂದು ಹಿಂಗ ಚಪ್ಪಲಿ ಬಾಜೂಕ ಕೂಡೋದೇನ್ರಿ? ನಮ್ಮ ಕಡಿ ಬಡವರ ಮಕ್ಕಳು ಇಲ್ಲೇನ್ರಿ?"

"ಅದಾರಲ್ಲ ಮಾಸ್ತರೇ" ಎಂದರು ತಾಯಿಯವರು. "ನೀವೂ ಅಲ್ಲೇ ಅದೀರಿ."

ಅಷ್ಟೇ. ಮಾಸ್ತರರ ಒಳಗಿನ ಸಿಟ್ಟು ಇಳಿಯಲಿಲ್ಲ.

ಮರುದಿನ ಅವರೂ ಶಾಲೆಗೆ ಹೋಗಿ ಜಗುಲಿಯ ಕಂಬಕ್ಕೆ ಒರಗಿ ನಿಂತರು. ಬಿಸಿಲೇರಿತು. ನೀರಿನ ಹೊತ್ತಾಯಿತು. ಒಳಗಿನ ಮಕ್ಕಳು ತಾವೇ ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದರು. ಹೊರಗಿನವರು ಕೊಡ ಮುಟ್ಟುವಂತಿರಲಿಲ್ಲ. ಬೊಗಸೆಯೊಡ್ಡಿ ಕಾಯಬೇಕು, ಯಾರಾದರೂ ಮೇಲಿನಿಂದ ಹೊಯ್ಯಬೇಕು. ಫೂಲ್ಮತಿ ಎಂಬ ಏಳೆಂಟು ವರ್ಷದ ಹುಡುಗಿ ಬೊಗಸೆಯೊಡ್ಡಿ ನಿಂತಿದ್ದಳು. ಅವಳ ಹಿಂದೆ, ಸಾಲಿನ ತುದಿಯಲ್ಲಿ, ತಾಯಿಯವರೂ ಬೊಗಸೆಯೊಡ್ಡಿ ನಿಂತಿದ್ದರು.

ನೂರಾರು ಜನರನ್ನು ಹರಸುವ ಆ ಕೈಗಳನ್ನು ಹಾಗೆ ಕಂಡು ಮಾಸ್ತರರ ಎದೆ ಒಡೆದಂತಾಯಿತು. ದೇವನಾರಾಯಣರೂ ಕಂಡರು. ಸ್ಟೀಲಿನ ಲೋಟದಲ್ಲಿ ನೀರು ತುಂಬಿಕೊಂಡು ಓಡಿ ಬಂದು, "ಮಾತಾಜಿ, ದಯವಿಟ್ಟು ಹೀಗೆ ಮಾಡಬೇಡಿ. ಇದನ್ನು ಕುಡಿಯಿರಿ" ಎಂದು ಬೇಡಿಕೊಂಡರು.

"ಈ ತರಗತಿಗೆ ನಾನು ಎಲ್ಲರಿಗಿಂತ ಕೊನೆಗೆ ಬಂದವಳು. ಮುಂದೆ ನಿಂತವರಿಗೆ ಮೊದಲು ಕೊಡಿ."

ದೇವನಾರಾಯಣರು ಲೋಟ ಹಿಡಿದೇ ಹಿಂದಿರುಗಿ ನೋಡಿದರು. ಒಳಗಿನಿಂದ ಅಷ್ಟೂ ಮಕ್ಕಳು ನೋಡುತ್ತಿದ್ದರು. ಅವರು ಆ ಲೋಟವನ್ನು ಫೂಲ್ಮತಿಯ ಕೈಗಿಟ್ಟರು. ಆಕೆ ಹೆದರಿ ತಾಯಿಯವರ ಮುಖ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿದಳು.

ಸುದ್ದಿ ಸಂಜೆಯೊಳಗೆ ಊರು ತುಂಬಿತು. ಮರುದಿನ ಶಾಲೆಗೆ ಊರಿನ ಅರ್ಧಕ್ಕರ್ಧ ಮಕ್ಕಳು ಬರಲಿಲ್ಲ. ದೇವನಾರಾಯಣರು ಬಿಳಿಚಿದ ಮುಖದಲ್ಲಿ ಬಾಗಿಲಿಗೆ ಬಂದರು. "ನೋಡಿ ಮಾತಾಜಿ, ಶಾಲೆ ಖಾಲಿಯಾಯಿತು. ಮೇಲಧಿಕಾರಿಗಳಿಗೆ ಇನ್ನು ನಾನೇನು ಹೇಳಲಿ?"

ತಾಯಿಯವರು ಬಗ್ಗಿ ಒಳಗೆ ನೋಡಿದರು. "ಹೌದು, ಜಾಗ ಇದೆ. ನಾವು ಒಳಗೆ ಬರಬಹುದೇ?"

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಗೆದ್ದೆನೆಂಬ ಭಾವವೂ ಇರಲಿಲ್ಲ. ಒಂದನೆಯ ತರಗತಿಯವರು ಗುರುಗಳನ್ನು ಕೇಳುವಂತೆಯೇ ಕೇಳಿದರು. ದೇವನಾರಾಯಣರು ಒಂದು ಗಳಿಗೆ ಚೌಕಟ್ಟು ಹಿಡಿದು ನಿಂತರು. ಆಮೇಲೆ ಪಕ್ಕಕ್ಕೆ ಸರಿದರು. ಮೊದಲು ಫೂಲ್ಮತಿ, ಅವಳ ಹಿಂದೆ ಉಳಿದವರು, ಎಲ್ಲರ ಹಿಂದೆ ತಾಯಿಯವರು ಹೊಸ್ತಿಲು ದಾಟಿದರು.

ಮಾಣಿಕಪ್ಪ ಮಾಸ್ತರರು ಕಣ್ಣೊರೆಸಿಕೊಳ್ಳುತ್ತ ಬಂದು ಪಾದ ಹಿಡಿಯಲು ಬಾಗಿದರು. ತಾಯಿಯವರು ತಡೆದರು. "ಪಾಠ ನಡದದ, ಕೂಡ್ರಿ." ಮಾಸ್ತರರು ಅಲ್ಲೇ ನೆಲದ ಮೇಲೆ ಕುಳಿತರು. ಆ ದಿನ ಫೂಲ್ಮತಿ ಮೊಟ್ಟಮೊದಲ ಸಲ ಹಲಗೆಯನ್ನು ಹತ್ತಿರದಿಂದ ನೋಡಿ ಅಕ್ಷರ ತಿದ್ದಿದಳು. ಸಂಜೆಯವರೆಗೆ ಯಾರೂ ಎದ್ದು ಹೋಗಲಿಲ್ಲ. ವಿದ್ಯೆ ಹತ್ತದ ಮಗು ಆ ಕೋಣೆಯಲ್ಲಿ ತಮಗೆ ಒಂದೂ ಕಾಣಲಿಲ್ಲವೆಂದು ಮಾಸ್ತರರು ಮುಂದೆ ಹೇಳುತ್ತಿದ್ದರು.

ಊರಿನ ಮಕ್ಕಳಲ್ಲಿ ಹೆಚ್ಚಿನವರು ಕ್ರಮೇಣ ಮರಳಿ ಬಂದರು. ಕೆಲವರು ಬರಲೇ ಇಲ್ಲ. ಅವರ ಮನೆಗಳಿಗೆ ತಾಯಿಯವರು ವಾರಕ್ಕೊಮ್ಮೆ ಹೋಗಿ ಅಂಗಳದಲ್ಲಿ ಕುಳಿತು ಬರುತ್ತಿದ್ದರು.

ಮಾಸ್ತರರು ಒಬ್ಬರೇ ಊರಿಗೆ ಹಿಂದಿರುಗಿದರು. ತಾಯಿಯವರು ಯಾಕೆ ಬರಲಿಲ್ಲವೆಂದು ಭಕ್ತರು ಸುತ್ತುವರಿದರು. ಮಾಸ್ತರರು ನಡೆದುದನ್ನು ಹೇಳತೊಡಗಿ, ಬೊಗಸೆಯ ಮಾತು ಬಂದಾಗ ತಮ್ಮ ಎರಡೂ ಕೈ ಜೋಡಿಸಿ ಒಡ್ಡಿ ತೋರಿಸಿದರು.

ಆ ವಾರವೇ ಅವರು ಊರ ಹೊರಗಿನ ಇಟ್ಟಿಗೆ ಭಟ್ಟಿಗೆ ನಡೆದು ಹೋದರು. ಒಡಿಶಾದಿಂದ ದುಡಿಯಲು ಬಂದವರ ಮಕ್ಕಳು ಅಲ್ಲಿ ಧೂಳಿನಲ್ಲಿ ಆಡುತ್ತಿದ್ದರು. ಅಷ್ಟು ವರ್ಷ ಆ ದಾರಿಯಲ್ಲೇ ಓಡಾಡಿದ್ದ ಮಾಸ್ತರರು ಅಂದು ಮಕ್ಕಳ ನಡುವೆ ಮಂಡಿ ಮಡಿಸಿ ಕುಳಿತರು. ತಾವೇನೂ ಹೇಳಿಕೊಡಲಿಲ್ಲ. ಒಂದು ಪುಟ್ಟ ಹುಡುಗಿ ತನ್ನ ಭಾಷೆಯಲ್ಲಿ ಒಂದೊಂದೇ ಮಾತು ಹೇಳುತ್ತಿದ್ದಳು. ಮಾಸ್ತರರು ತಪ್ಪುತ್ತ, ಅವಳಿಂದ ತಿದ್ದಿಸಿಕೊಳ್ಳುತ್ತ ಅದನ್ನು ಕಲಿಯುತ್ತಿದ್ದರು.