ಆರಾದ ಮೇಲಿನ ಮಾತು

"ಗುರುಗಳೇ, ಬಿದ್ದವನನ್ನು ಕೈಹಿಡಿದು ಎಬ್ಬಿಸುವುದು ಗುರುವಿನ ಧರ್ಮವಲ್ಲವೇ?" ಎಂದು ಶಿಷ್ಯ ಕೇಳಿದ.

ಕೇಳಿದ್ದರಲ್ಲಿ ಮುನಿಸಿತ್ತು. ತರ್ಕದ ಸಭೆಗಳಲ್ಲಿ ಅವನು ಅಲ್ಲಿಯವರೆಗೆ ಯಾರಿಗೂ ಸೋತವನಲ್ಲ. ಈ ಸಲ ನೆರೆಯೂರಿನವರು ತರ್ಕದ ಜೊತೆಗೆ ಕಾವ್ಯವನ್ನೂ ಕೇಳಿದರು. ತುಂಬಿದ ಸಭೆಯಲ್ಲಿ ಅವನ ಬಾಯಿ ಕಟ್ಟಿತು. ಮಠಕ್ಕೆ ಮರಳಿದವನು ಪಾಠಕ್ಕೆ ಬಾರದೆ ಮೂಲೆ ಹಿಡಿದ. ಗುರುಗಳು ಕರೆದು ಸಮಾಧಾನ ಹೇಳಬಹುದೆಂದು ಕಾದ. ಅವರು ಕರೆಯಲಿಲ್ಲ. ಆರನೆಯ ದಿನ ಅವರು ಆ ಮೂಲೆಯ ಹತ್ತಿರ ಹಾದುಹೋಗುವಾಗ ಕೂತಲ್ಲಿಂದಲೇ ಈ ಪ್ರಶ್ನೆ ಹಾಕಿದ.

ಗುರುಗಳು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಒಂದು ಕತೆ ಹೇಳಿದರು.

ಒಬ್ಬ ಕಿಕ್‌ಬಾಕ್ಸರ್ ಇದ್ದಳು. ಕೈಯಿಂದ ಗುದ್ದುವುದು, ಕಾಲಿನಿಂದ ಒದೆಯುವುದು, ಇಷ್ಟೇ ಅವಳ ಕಸುಬು. ಹನ್ನೊಂದು ವರ್ಷ ಅದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳಿಗೆ ಕಲಿಸಿದ ಮುದುಕನನ್ನು ಊರವರು ವಸ್ತಾದ ಎನ್ನುತ್ತಿದ್ದರು. ತನ್ನ ಶಿಷ್ಯೆಯ ಮಾತು ಬಂದರೆ ಅವನ ಎದೆ ಉಬ್ಬುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಕೇಳುವವರಿಗೆ ಸಾಕಾಗುತ್ತಿತ್ತು, ಅವನಿಗೆ ಸಾಕಾಗುತ್ತಿರಲಿಲ್ಲ.

ಆ ಕಣದಲ್ಲಿ ಒಂದು ನಿಯಮವಿದೆ. ಪೆಟ್ಟು ತಿಂದು ಬಿದ್ದವರನ್ನು ಯಾರೂ ಮುಟ್ಟುವಂತಿಲ್ಲ. ಎದುರಾಳಿ ದೂರ ಸರಿದು ನಿಲ್ಲಬೇಕು. ತೀರ್ಪುಗಾರ ಹತ್ತರವರೆಗೆ ಎಣಿಸುತ್ತಾನೆ. ಅಷ್ಟರೊಳಗೆ ಎದ್ದರೆ ಕಾಳಗ ಮುಂದುವರಿಯುತ್ತದೆ, ಏಳದಿದ್ದರೆ ಸೋಲು. ಮೊದಲ ಸಲ ಬಿದ್ದಾಗ ಅವಳು ಮೂರಕ್ಕೇ ಎದ್ದು, ತಲೆ ತಿರುಗಿ, ಇನ್ನೊಂದು ಪೆಟ್ಟು ತಿಂದಳು. ಅಂದು ವಸ್ತಾದ ಅವಳಿಗೆ ಒಂದು ಪಾಠ ಹೇಳಿದ.

"ಅವಸರ ಮಾಡಬ್ಯಾಡವ್ವಾ. ಆರರ ತನಕ ಮಲಕೊಂಡು ಉಸಿರು ತಗೊ. ಅದರ ಮುಂದಿಂದು ಬರೇ ಅಂಕಿ ಅಲ್ಲ, ಅಪ್ಪಣಿ."

ಅಲ್ಲಿಂದ ಮುಂದೆ ಅವಳು ಬಿದ್ದದ್ದು ಕಡಿಮೆ. ಬಿದ್ದಾಗಲೆಲ್ಲ ಆರರ ತನಕ ಉಸಿರು ಎಳೆದುಕೊಂಡು, ಏಳು ಎಂದೊಡನೆ ಎದ್ದಳು. ಪರದೇಶದ ಕಣಗಳಲ್ಲಿ ತೀರ್ಪುಗಾರರು ತಮ್ಮ ಭಾಷೆಯಲ್ಲಿ ಎಣಿಸುತ್ತಿದ್ದರು. ವಸ್ತಾದ ಕಣದ ಮೂಲೆಯಲ್ಲಿ ನಿಂತು, ಅವರ ದನಿಗೆ ಸರಿಯಾಗಿ, ಕನ್ನಡದಲ್ಲಿ ಎಣಿಸುತ್ತಿದ್ದ. ಅವಳಿಗೆ ಕೇಳಿಸುತ್ತಿದ್ದದ್ದು ಆ ಒಂದು ದನಿ ಮಾತ್ರ.

ಮೂವತ್ತೊಂದನೆಯ ವಯಸ್ಸಿಗೆ ಅವಳೆದುರು ನಿಲ್ಲುವವರು ಯಾರೂ ಉಳಿಯಲಿಲ್ಲ. ಗೆಲುವು ಅಭ್ಯಾಸವಾಗಿ ಅದರ ರುಚಿ ಕೆಟ್ಟಿತು. ಆಗ ಅವಳು ಇನ್ನೊಂದು ಕಣಕ್ಕೆ ಇಳಿದಳು. ಅದು ಮಿಶ್ರ ಕಾಳಗದ ಕಣ, ಸುತ್ತಲೂ ಜಾಲರಿ. ಅಲ್ಲಿ ಗುದ್ದಬಹುದು, ಒದೆಯಬಹುದು, ಹಿಡಿದು ಕೆಡವಬಹುದು, ಕೆಡವಿದ ಮೇಲೆ ಮೇಲೇರಿ ಕೂತು ಕೈಕಾಲು ತಿರುಚಲೂಬಹುದು. ಬಿದ್ದವರಿಗೆ ಅಲ್ಲಿ ಬಿಡುವಿಲ್ಲ. ನಿಯಮಗಳನ್ನು ಅವಳು ಓದಿದ್ದಳು. ಓದಿದ್ದು ತಲೆ, ಮೈಯಲ್ಲ.

ಮೊದಲ ಕಾಳಗದಲ್ಲಿ ಎದುರಿಗಿದ್ದವಳು ಕುಸ್ತಿಯವಳು, ವಯಸ್ಸಿನಲ್ಲಿ ಹತ್ತು ವರ್ಷ ಕಿರಿಯಳು. ಒದೆಯಲು ಎತ್ತಿದ ಕಾಲನ್ನು ಹಿಡಿದು ಆಕೆ ಇವಳನ್ನು ಅಂಗಾತ ಕೆಡವಿದಳು. ಇವಳು ಗಾಬರಿಯಾಗಲಿಲ್ಲ. ಹನ್ನೊಂದು ವರ್ಷದ ಅಭ್ಯಾಸದಂತೆ ನೆಮ್ಮದಿಯಾಗಿ ಮಲಗಿ, ಉಸಿರು ಎಳೆದುಕೊಂಡು, ಎಣಿಕೆಗೆ ಕಾದಳು. ಯಾರೂ ಎಣಿಸಲಿಲ್ಲ. ಕುಸ್ತಿಯವಳು ಎದೆಯ ಮೇಲೆ ಕೂತು ತೋಳನ್ನು ತಿರುಚಿದಳು. ತೋಳು ಮುರಿಯುವ ಹೊತ್ತಿಗೆ ಇವಳು ಅಂಗೈಯಿಂದ ನೆಲ ತಟ್ಟಿದಳು. ಆ ಕಣದಲ್ಲಿ ನೆಲ ತಟ್ಟಿದರೆ ಸೋತೆ ಎಂದರ್ಥ. ಜನ ನಕ್ಕರು. ಹಾಸಿಗೆ ಹಾಸಿಕೊಡಬೇಕಿತ್ತು ಎಂದು ಯಾರೋ ಕೂಗಿದರು.

ಊರಿಗೆ ಬಂದು ಅವಳು ಬಾಗಿಲು ಹಾಕಿಕೊಂಡಳು. ಹಳೆಯ ಕಣದವರು ಹೇಳಿಕಳಿಸಿದರು: ನಮ್ಮಲ್ಲಿಗೆ ಮರಳಿ ಬಾ, ಇಲ್ಲಿ ನೀನೇ ರಾಣಿ, ಹಾರ ಹಾಕಿ ಮೆರವಣಿಗೆ ಮಾಡಿ ಬರಮಾಡಿಕೊಳ್ಳುತ್ತೇವೆ. ಅವಳ ಮನಸ್ಸು ಅತ್ತ ವಾಲಿತು. ಒಪ್ಪಿಗೆ ಕೇಳಲೆಂದು ವಸ್ತಾದನ ಮನೆಗೆ ಹೋದವಳು ಒಪ್ಪಿಗೆಯ ಬದಲು ದೂರು ಹೇಳಿದಳು.

"ನಾ ಬಿದ್ದಾಗ ಯಾರೂ ಎಣಸಲಿಲ್ಲ. ನೀವೂ ಸುಮ್ಮನ ನಿಂತ್ರಿ."

"ಎಣಸಿದ್ನೆವ್ವಾ. ನಾ ಮೂರಕ್ಕ ಬರೂದ್ರಾಗ ನಿನ್ನ ತೋಳು ಆಕಿ ಕೈಯಾಗಿತ್ತು. ಆ ಕಣದಾಗ ನನ್ನ ಎಣಿಕಿ ನಿನಗ ಮುಟ್ಟಂಗಿಲ್ಲ."

ಹೇಳುವಾಗ ಮುದುಕನ ಕಣ್ಣು ತುಂಬಿತ್ತು. ಮರುದಿನ ಬೆಳಿಗ್ಗೆ ಅವನೇ ಅವಳನ್ನು ಕುಸ್ತಿಯ ಗರಡಿಗೆ ಕರೆದುಕೊಂಡು ಹೋದ. ಇವಳು ನನ್ನ ಶಿಷ್ಯೆ, ಬೀಳುವುದೊಂದು ಬಿಟ್ಟು ಎಲ್ಲ ಕಲಿತಿದ್ದಾಳೆ, ಅದನ್ನು ನೀವು ಕಲಿಸಿ ಎಂದು ಗರಡಿಯವರಿಗೆ ಹೇಳಿದ. ಅದನ್ನೂ ತಲೆ ಎತ್ತಿಯೇ ಹೇಳಿದ. ತನಗೆ ಬಾರದ ವಿದ್ಯೆಗೆ ತನ್ನ ಶಿಷ್ಯೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಯಾವ ಗುರುವಿಗೂ ಸುಲಭವಲ್ಲ.

ಹನ್ನೊಂದು ವರ್ಷ ಗೆದ್ದವಳು ಗರಡಿಯಲ್ಲಿ ಎಲ್ಲರಿಗಿಂತ ಕೊನೆಯವಳಾದಳು. ತನ್ನ ಅರ್ಧ ವಯಸ್ಸಿನ ಹುಡುಗಿಯರು ದಿನವೂ ಅವಳಿಗೆ ಮಣ್ಣು ಮುಕ್ಕಿಸಿದರು. ತಲೆಗೂದಲಿನಲ್ಲಿ ಕೆಮ್ಮಣ್ಣು ತುಂಬಿಕೊಂಡು ಮನೆಗೆ ಹೋಗುವವಳನ್ನು ನೋಡಿ ಬೀದಿಯವರು ಅಯ್ಯೋ ಎಂದರು. ನಾಚಿಕೆ ಅವಳನ್ನು ಸುಟ್ಟಿತು. ಆದರೂ ಮರುದಿನ ಹೋದಳು. ಹಾರ ಹಾಕುತ್ತೇವೆ ಎಂದವರಿಗೆ ಈಗ ಪುರುಸೊತ್ತಿಲ್ಲ ಎಂದು ಹೇಳಿಕಳಿಸಿದಳು.

ಮೂರು ವರ್ಷ ಕಳೆಯಿತು. ಜಾಲರಿಯ ಕಣದಲ್ಲಿ ಅವಳು ಒಂದೆರಡು ಸೋತಳು, ಮತ್ತೆ ಗೆಲ್ಲತೊಡಗಿದಳು. ಕೊನೆಗೆ ಪಟ್ಟದ ಕಾಳಗ ಬಂತು. ಪಟ್ಟದಲ್ಲಿದ್ದವಳು ಅದೇ ಕುಸ್ತಿಯವಳು. ಮೂರನೆಯ ಸುತ್ತಿನಲ್ಲಿ ಆಕೆ ಅದೇ ಕಾಲನ್ನು ಹಿಡಿದು, ಅಂದಿನಂತೆಯೇ ಅಂಗಾತ ಕೆಡವಿ, ಮೇಲೇರಿ ಅದೇ ತೋಳಿಗೆ ಕೈ ಹಾಕಿದಳು. ನಕ್ಕ ಜನ ಮತ್ತೆ ನಗಲು ಸಿದ್ಧರಾದರು.

ಕೆಳಗಿದ್ದವಳ ಬಾಯಿಂದ ಒಂದು ಮಾತು ಹೊರಟಿತು. ಹಲ್ಲು ಕಾಯುವ ರಬ್ಬರು ಬಾಯಲ್ಲಿದ್ದದ್ದರಿಂದ ಅದು ತೊದಲಿತು. ಆ ಕಣದಲ್ಲಿ ಬಾಯಿಂದ ಹೇಳಿದರೂ ಸೋಲೇ. ತೀರ್ಪುಗಾರ, ಸೋತೆ ಎಂದಳೇನೋ ಎಂದು ಬಗ್ಗಿ ಕಿವಿಗೊಟ್ಟ. ಅವಳು ತಲೆ ಅಲ್ಲಾಡಿಸಿದಳು. ಗರಡಿಯಲ್ಲಿ ಸಾವಿರ ಸಲ ಮಾಡಿದಂತೆ ಸೊಂಟ ಹೊರಳಿಸಿ, ತೋಳು ಕಿತ್ತುಕೊಂಡು, ಮೊಣಕಾಲು ತೂರಿಸಿ, ಮೇಲಿದ್ದವಳನ್ನು ತಳ್ಳಿ ಎದ್ದು ನಿಂತಳು. ಕುಸ್ತಿಯವಳೂ ಎದ್ದಳು. ಆಕೆ ಕೈ ಮುಂದೆ ಮಾಡುವ ಮೊದಲೇ, ಹನ್ನೊಂದು ವರ್ಷ ಯಾರೂ ತಡೆಯಲಾರದ ಹಳೆಯ ಒದೆ ಪಕ್ಕೆಗೆ ಬಿತ್ತು. ಆಕೆ ಕುಸಿದಳು. ತೀರ್ಪುಗಾರ ಕಾಳಗ ನಿಲ್ಲಿಸಿ ಇವಳ ಕೈ ಎತ್ತಿ ಹಿಡಿದ.

ಜನ ಎದ್ದು ಕೂಗಿದರು. ವಸ್ತಾದ ಮಾತ್ರ ಮೂಲೆಯ ಕುರ್ಚಿಯಲ್ಲಿ ಕುಸಿದು ಕುಳಿತ. ಬಿದ್ದಾಗ ಅವಳು ಏನೆಂದಳು ಎಂದು ಪಕ್ಕದವರು ಕೇಳಿದರು. ಆ ಮಾತು ಅವನೊಬ್ಬನಿಗೇ ತಿಳಿದಿತ್ತು.

"ಒಂದು ಎರಡು ಅನ್ನಲಿಲ್ಲರಿ ನನ್ನ ಹುಡುಗಿ. ನೆಟ್ಟಗ ಏಳಕ್ಕ ಬಂದ್ಲು."

ಅಷ್ಟು ಹೇಳಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹೆಮ್ಮೆ ಒಳ್ಳೆಯದಲ್ಲ ಎಂದು ನಾನೇ ನಿಮಗೆಲ್ಲ ಎಷ್ಟೋ ಸಲ ಹೇಳಿದ್ದೇನೆ. ಆ ಮುದುಕನ ಹೆಮ್ಮೆಗೆ ಮಾತ್ರ ನಾನು ಕೈ ಮುಗಿಯುತ್ತೇನೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ಹಾಗಾದರೆ ಇಷ್ಟು ದಿನ ತಾವು ನನ್ನನ್ನು ಗಮನಿಸಲೇ ಇಲ್ಲವೇ ಎಂದು ಕೇಳಿದ.

ಗುರುಗಳು ನೆಲಕ್ಕೆ ಕೈಯೂರಿ ಮೇಲೆದ್ದರು.

"ದಿನವೂ ಎಣಿಸಿದ್ದೇನೆ; ಇಂದಿಗೆ ಆರಾಯಿತು, ಮುಂದಿನದನ್ನು ನಾನು ಹೇಳುವುದಿಲ್ಲ."