ಚಂದ್ರಮೌಳಿಯ ಆಟದ ವಿಡಿಯೊ

ತಿಪಟೂರಿನ ಯುವ ಮುಖಂಡ ಚಂದ್ರಮೌಳಿ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡಿ, ಅದನ್ನು ರೆಕಾರ್ಡ್ ಮಾಡಿಕೊಂಡ. ಮದುವೆ ವಿಡಿಯೊ ಎಡಿಟ್ ಮಾಡುವ ಜಬೀನಾಳ ಅಂಗಡಿಗೆ ಬಂದ. ಆ ಮಳಿಗೆಯ ಮಾಲೀಕನೂ ಅವನೇ.

“ನೋಡಮ್ಮ, ವಿಡಿಯೊ ಅಲ್ಲಲ್ಲಿ ತಡವರಿಸುತ್ತೆ. ಸಂಜೆ ನನ್ನ ಹುಟ್ಟುಹಬ್ಬಕ್ಕೆ ಪರದೆ ಮೇಲೆ ಹಾಕಬೇಕು. ಸರಿ ಮಾಡದಿದ್ದರೆ ಮಳಿಗೆ ಖಾಲಿ ಮಾಡು.”

ಫೋನು ಕಾದು, ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯಬೇಕಾದ ಕಡೆ ಅಲ್ಲಲ್ಲಿ ಐದಾರೇ ಹಿಡಿದಿತ್ತು. ಹಿಡಿಯದ ಚಿತ್ರವನ್ನು ಎಲ್ಲಿಂದ ತರುವುದು? ಹೇಳಿದರೆ ಅವನು ಕೇಳುವವನಲ್ಲ.

ತಡವರಿಸಿದ ಕಡೆಯೆಲ್ಲ ಜಬೀನಾ ವಿಡಿಯೊವನ್ನು ಪೂರ್ತಿ ನಿಲ್ಲಿಸಿದಳು. ಅಲ್ಲಿ ಅವನು ಕೂಲಿಂಗ್ ಗ್ಲಾಸ್ ಹಾಕಿಕೊಂಡ ಫೋಟೊ ಇಟ್ಟು, ಮೇಲಿಂದ ಹೂವು ಸುರಿಸಿದಳು. ತಮಟೆ, ಶಿಳ್ಳೆ ಸೇರಿಸಿದಳು.

ಮಧ್ಯಾಹ್ನ ಚಂದ್ರಮೌಳಿ ಹಿಂಬಾಲಕರೊಡನೆ ನೋಡಲು ಬಂದ. ವಿಡಿಯೊ ನಿಂತಾಗ ಹುಬ್ಬು ಗಂಟಿಕ್ಕಿದ. ಹೂವು ಬಿದ್ದಾಗ ಮೀಸೆ ತಿರುವಿದ. ಹಿಂಬಾಲಕರು, “ಅಣ್ಣಂಗೆ ಜೈ!” ಎಂದರು.

ಕೊನೆಯ ಭಾಗ ಮಾತ್ರ ಎಲ್ಲೂ ತಡವರಿಸದೆ ನೀರಿನಂತೆ ಹರಿಯಿತು. ಚಂದ್ರಮೌಳಿ ಮೇಜು ಗುದ್ದಿದ.

“ಏನಮ್ಮ ಇದು? ಇಲ್ಲಿ ಒಂದ್ ಕಡೆನೂ ನಿಲ್ತಾನೇ ಇಲ್ಲ! ಮೊದಲು ಇದನ್ನ ಸರಿ ಮಾಡು!”

“ತಪ್ಪಾಯ್ತು ಅಣ್ಣ,” ಎಂದು ಜಬೀನಾ ಇನ್ನೊಂದು ಬುಟ್ಟಿ ಹೂವು ಸುರಿಸಿದಳು.