ಹೆಣ್ಣಾಳುಗಳ ಸಾಲಿನಲ್ಲಿ ನಿಂತ ಅಜ್ಜಾರು

ಎರೆಹಾಳದ ಶ್ರೀಮಠಕ್ಕೆ ಹೋದವರು ಪೂಜ್ಯ ಗೂಳಯ್ಯಜ್ಜನವರು ಬಾಳಿದ ಕೋಣೆಯನ್ನು ಕಂಡಾಗ ಕೇಳುವುದು ಒಂದೇ ಮಾತು: "ಇಷ್ಟ ಏನ್ರಿ?" ಹೌದು, ಇಷ್ಟೇ. ದನದ ಕೊಟ್ಟಿಗೆಗೆ ಅಂಟಿಕೊಂಡ ಮಣ್ಣಿನ ಗೋಡೆ, ಒಂದು ಕಂಬಳಿ, ನೀರಿನ ಕೊಡ, ಗೂಟಕ್ಕೆ ತೂಗುಹಾಕಿದ ಜೋಳಿಗೆ. ಭಕ್ತರು ಗಾದಿ ತಂದುಕೊಟ್ಟರೆ ಅದು ಮರುದಿನವೇ ಯಾವುದೋ ಬಾಣಂತಿಯ ಮನೆ ಸೇರುತ್ತಿತ್ತು. ಸಗಣಿ ಬಳಿಯುವ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. "ಇದು ನಂದು" ಎನ್ನುತ್ತಿದ್ದರು, ಮುಗಿಯಿತು.

ಆ ವರ್ಷ ಸುಗ್ಗಿ ಚೆನ್ನಾಗಿತ್ತು. ಸುತ್ತಲಿನ ರೈತರು ಜೋಳದ ಕಣಿಕೆಯನ್ನು ಬಂಡಿಗಟ್ಟಲೆ ತಂದು ಮಠದ ಅಂಗಳದಲ್ಲಿ ಒಟ್ಟಿದ್ದರು. ಮಠದ ದನಗಳಿಗೆ ವರ್ಷವಿಡೀ ಅದೇ ಊಟ. ಅಕಾಲದ ಅಡ್ಡಮಳೆ ಬಿದ್ದರೆ ಅಷ್ಟೂ ಕೊಳೆತುಹೋಗುತ್ತದೆ. ಆಗ ಊರಿನ ಸಾವುಕಾರ ಚನ್ನಮಲ್ಲಪ್ಪನವರು ಮುಂದೆ ಬಂದು, ಕಂಬ ನೆಟ್ಟು ತಗಡು ಹೊದಿಸಿದ ದೊಡ್ಡದೊಂದು ಮೇವಿನ ಕೊಟ್ಟಿಗೆಯನ್ನು ತಮ್ಮ ಖರ್ಚಿನಲ್ಲೇ ಕಟ್ಟಿಸಿಕೊಡುವುದಾಗಿ ಅಜ್ಜಾರ ಪಾದ ಮುಟ್ಟಿ ಹೇಳಿದರು. ಸಾವುಕಾರರು ಕೆಟ್ಟವರೆಂದು ಯಾರೂ ತಿಳಿಯಬಾರದು. ಕಂಬಕ್ಕೆ, ತಗಡಿಗೆ ಕೈ ಬಿಚ್ಚಿ ಸುರಿದರು. ಕೂಲಿಯ ಮಾತು ಬಂದಾಗ ಮಾತ್ರ ಆ ಕೈ ಅದ್ಹೇಗೋ ಮುಷ್ಟಿಯಾಗಿಬಿಡುತ್ತಿತ್ತು!

ಮೇಸ್ತ್ರಿ ಯಮನೂರಪ್ಪ ತನ್ನ ಆಳುಗಳನ್ನು ಕರೆದುಕೊಂಡು ಬಂದ. ಗಂಡಸರು ಕುಣಿ ತೋಡಿ ಕಂಬ ಎತ್ತಿ ನಿಲ್ಲಿಸಬೇಕು. ಹೆಂಗಸರು ಬುಟ್ಟಿಯಲ್ಲಿ ಸಣ್ಣಕಲ್ಲಿನ ಗರಸುಮಣ್ಣು ಹೊತ್ತು ತಂದು ಕುಣಿಗೆ ಸುರಿದು, ಕಂಬದ ಸುತ್ತ ಉದ್ದ ಹಿಡಿಕೆಯ ಭಾರದ ಧಮ್ಮಸಿನಿಂದ ಕುಟ್ಟಿ ಬಿಗಿಮಾಡಬೇಕು. ನಮ್ಮ ಎರೆಭೂಮಿ ಗೊತ್ತಲ್ಲ, ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಗಟ್ಟಿಯಾಗಿ ಕುಟ್ಟದಿದ್ದರೆ ಕಂಬ ಮೊದಲ ಗಾಳಿಗೇ ವಾಲುತ್ತದೆ. ಕೂಲಿ ಗಂಡಾಳಿಗೆ ದಿನಕ್ಕೆ ಎರಡು ರೂಪಾಯಿ, ಹೆಣ್ಣಾಳಿಗೆ ಒಂದು. ಅಜ್ಜ ಮುತ್ತಜ್ಜರ ಕಾಲದಿಂದ ಹಾಗೇ ನಡೆದಿತ್ತು, ಯಾಕೆಂದು ಯಾರೂ ಕೇಳಿರಲಿಲ್ಲ.

ಕೇಳಿದವಳು ದುರುಗವ್ವ. ಗಂಡನನ್ನು ಕಳೆದುಕೊಂಡು, ಸಾವುಕಾರರ ಹೊಲದಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕುತ್ತಿದ್ದ ಹೆಣ್ಣುಮಗಳು. ಮೊದಲ ದಿನ ಸಂಜೆ ಕೈಗೆ ಬಿದ್ದ ರೂಪಾಯಿಯನ್ನು ನೋಡಿ ಅಲ್ಲೇ ನಿಂತಳು.

"ಸಾವುಕಾರ್ರ, ಗಂಡಸರು ಬಂದಾಗ ನಾವೂ ಬಂದ್ವಿ, ಅವರು ಬಿಟ್ಟಾಗ ನಾವೂ ಬಿಟ್ವಿ. ನಮಗ್ಯಾಕ್ರಿ ಅರ್ಧಾ?"

"ಇದು ಅಜ್ಜಾರ ಕೆಲಸ ತಂಗಿ. ಪುಣ್ಯಾ ಬರತೈತಿ."

"ಹಂಗಾದ್ರ ಅವರಿಗೂ ಅರ್ಧಾ ಕೊಡ್ರಿ. ಗಂಡಸರಿಗೇನು ಪುಣ್ಯಾ ಬ್ಯಾಡೇನು?"

ಆಳುಗಳೆಲ್ಲ ಗೊಳ್ಳೆಂದು ನಕ್ಕರು. ಆ ನಗೆಯೇ ಎಡವಟ್ಟಾಯಿತು. ಸಾವುಕಾರರ ಮುಖ ಕೆಂಪಗಾಯಿತು. "ಬೇಕಾದ್ರ ಬರ್ರಿ, ಬ್ಯಾಡಾದ್ರ ಬಿಡ್ರಿ! ನಾಳಿಂದ ನನ್ನ ಹೊಲದಾಗೂ ನಿನಗ ಕೆಲಸಿಲ್ಲ!" ಎಂದು ಎದ್ದು ಹೋದರು. ದುರುಗವ್ವನ ಒಲೆಗೇ ನೀರು ಸುರಿದಂತಾಯಿತು.

ಮರುದಿನ ಹೆಂಗಸರು ಬಂದರು, ಆದರೆ ಮಠದ ಬಾಗಿಲಿನ ಬೇವಿನ ಮರದ ಕೆಳಗೆ ಸಾಲಾಗಿ ಕುಳಿತುಬಿಟ್ಟರು. ಆಕಾಶದಲ್ಲಿ ಮೋಡ ಕಟ್ಟಿತ್ತು. ಎತ್ತಿ ನಿಲ್ಲಿಸಿದ ಕಂಬಗಳು ಹಗ್ಗದ ಆಸರೆಯಲ್ಲಿ ತೂರಾಡುತ್ತಿದ್ದವು. ಮೇಸ್ತ್ರಿ ಗಂಡಾಳುಗಳಿಗೆ, "ನೀವ ಒಂದೀಟು ಕುಟ್ಟ್ರಪ್ಪ" ಎಂದ. ಅವರು ಹೌಹಾರಿದರು. "ನಾವು ಧಮ್ಮಸ ಹಿಡಿಯೂದಾ? ಅದು ಹೆಂಗಸರ ಕೆಲಸ! ಊರಾಗ ನಾವು ತಲಿ ಎತ್ತಿ ತಿರುಗೂದು ಬ್ಯಾಡೇನು?" ಎಂದರು. ಯಮನೂರಪ್ಪ ಮುಪ್ಪಿನಲ್ಲಿ ನನಗೆ ಇದನ್ನು ಹೇಳುವಾಗಲೂ ಈ ಮಾತಿಗೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ಮೇವು ಹಾಳಾದರೂ ಸರಿ, ಮೀಸೆಗೆ ಗರಸು ತಾಗಬಾರದು!

ಗದ್ದಲ ಕೇಳಿ ಅಜ್ಜಾರು ಸಗಣಿ ಕೈ ತೊಳೆದುಕೊಂಡು ಹೊರಗೆ ಬಂದರು. "ಏನಾತವ್ವಾ?" ಎಂದು ದುರುಗವ್ವನನ್ನು ಕೇಳಿದರು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಅಜ್ಜಾರು ಸಿಟ್ಟಾಗಲಿಲ್ಲ, ಬುದ್ಧಿಮಾತು ಹೇಳಲಿಲ್ಲ. ಕಾವಿಯ ಸೆರಗನ್ನು ಸೊಂಟಕ್ಕೆ ಬಿಗಿದರು, ನೆಟ್ಟಗೆ ನಡೆದುಹೋಗಿ ಧಮ್ಮಸನ್ನು ಎತ್ತಿಕೊಂಡರು, ಮೊದಲ ಕಂಬದ ಬುಡದಲ್ಲಿ ಕುಟ್ಟತೊಡಗಿದರು.

ಗಂಡಾಳುಗಳು ಓಡಿಬಂದರು. "ಅಯ್ಯೋ ಬ್ಯಾಡ್ರಿ ಅಜ್ಜಾರ! ನಮಗ ಪಾಪ ಹತ್ತತೈತಿ! ತರ್ರಿ ಇಲ್ಲಿ!"

"ನಿಮ್ಮ ಕೆಲಸ ಅಲ್ಲಂದ್ರೆಲ್ಲಪಾ. ಬಿಡ್ರಿ, ನಂದಿರಲಿ."

ಅವರು ಹಿಂದೆ ಸರಿದರು. ದುರುಗವ್ವನಿಗೆ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದಳು. "ನೀವು ಕುಟ್ಟೂದು ನೋಡಿಕೋತ ಕುಂತ್ರ ನಮ್ಮದೂ ಒಂದು ಜನ್ಮೇನ್ರಿ?" ಎಂದು ಬುಟ್ಟಿ ಎತ್ತಿದಳು. ಹಿಂದೆಯೇ ಉಳಿದವರೂ ಎದ್ದರು. ಅಜ್ಜಾರು ಅವಳ ಕಡೆ ನೋಡಿ, "ಬಾರವ್ವಾ. ಕೂಲಿ ಮಾತು ಸಂಜೀಕ" ಎಂದರು. ಆ ದಿನವೆಲ್ಲ ಆ ಹಿರಿಯ ಜೀವ ಹೆಂಗಸರ ಜೊತೆ ಗರಸು ಹೊತ್ತಿತು, ಕುಟ್ಟಿತು, ಅವರು ಹಾಡಿದ ಪದಗಳಿಗೆ ದನಿಗೂಡಿಸಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದರೂ ಧಮ್ಮಸನ್ನು ಕೆಳಗಿಡಲಿಲ್ಲ.

ಸಂಜೆ ಸಾವುಕಾರರು ಹಣದ ಚೀಲ ಹಿಡಿದು ಬಂದು ಕಟ್ಟೆಯ ಮೇಲೆ ಕುಳಿತರು. ಕಂಬಗಳು ಬಿಗಿಯಾಗಿ ನಿಂತಿರುವುದನ್ನು ಕಂಡು ಅವರಿಗೆ ಹಿಗ್ಗು. "ನೋಡಿದ್ಯಾ ಯಮನೂರಪ್ಪ? ತಾವ ಬಂದ್ರಿಲ್ಲೋ?" ಎಂದರು. ಮೇಸ್ತ್ರಿ ಗಂಡಾಳುಗಳನ್ನು ಕೂಲಿಗೆ ಕರೆದ. ಅವರದು ಮುಗಿಯಿತು. ಹೆಣ್ಣಾಳುಗಳು ಸಾಲಾಗಿ ನಿಂತರು. ಸಾವುಕಾರರು ತಲೆ ತಗ್ಗಿಸಿ, ಚಾಚಿದ ಕೈಗೆ ಒಂದೊಂದೇ ರೂಪಾಯಿ ಹಾಕುತ್ತ ಹೋದರು. ದುರುಗವ್ವನ ಕೈ ಬಂತು, ಹೋಯಿತು. ಅದರ ಹಿಂದೆ ಇನ್ನೊಂದು ಕೈ ಬಂತು. ಮಣ್ಣು ಮೆತ್ತಿದ, ಬೊಬ್ಬೆಯೊಡೆದ ಕೈ. ಬಳೆ ಇರಲಿಲ್ಲ, ರುದ್ರಾಕ್ಷಿ ಇತ್ತು.

ಸಾವುಕಾರರು ತಲೆ ಎತ್ತಿದರು. ಚೀಲ ತೊಡೆಯಿಂದ ಜಾರಿತು.

"ಅಜ್ಜಾರ... ನೀವು... ಇಲ್ಲ್ಯಾಕ್ರಿ?"

"ಹೆಣ್ಣಾಳಿನ ಕೆಲಸಾ ಮಾಡೀನಿ. ಹೆಣ್ಣಾಳಿನ ಕೂಲಿ ಕೊಡಪಾ."

ಸಾವುಕಾರರು ಸಿಕ್ಕಷ್ಟು ನೋಟು ಬಾಚಿ ಮುಂದೆ ಹಿಡಿದರು. ಅಜ್ಜಾರು ತಲೆಯಾಡಿಸಿದರು. ಕೊನೆಗೆ ಒಂದು ರೂಪಾಯಿಯನ್ನೇ ಅವರ ಅಂಗೈಯಲ್ಲಿ ಇಡಬೇಕಾಯಿತು. ಅಜ್ಜಾರು ಅದನ್ನು ಕಣ್ಣಿಗೊತ್ತಿಕೊಂಡು, ಮಗನನ್ನು ನೋಡುವ ಹಾಗೆ ಸಾವುಕಾರರನ್ನು ನೋಡಿದರು.

"ಚನ್ನಮಲ್ಲಪ್ಪಾ, ಬಿಸಲು ನನಗ ಅರ್ಧಾ ಬಡೀಲಿಲ್ಲಪಾ."

ಇಷ್ಟೇ ಮಾತು. ಸಾವುಕಾರರು ತಲೆಯ ರುಮಾಲು ಬಿಚ್ಚಿ ಅಜ್ಜಾರ ಪಾದದ ಮೇಲಿಟ್ಟು ಮಗುವಿನಂತೆ ಅತ್ತುಬಿಟ್ಟರು. ಆಮೇಲೆ ಹೆಂಗಸರನ್ನೆಲ್ಲ ತಾವೇ ಕೂಗಿ ಕರೆದು, ಎರಡೂ ದಿನದ ಬಾಕಿಯನ್ನು ಎಣಿಸಿ ಅವರವರ ಕೈಗೆ ಹಾಕಿದರು. ದುರುಗವ್ವನ ಮುಂದೆ ಬಂದಾಗ ಕೈಮುಗಿದರು. "ತಪ್ಪಾತು ತಂಗಿ. ನನ್ನ ಹೊಲ ಬಿಡಬ್ಯಾಡ. ಇನ್ನ ಮ್ಯಾಲ ಅಲ್ಲೂ ಪೂರಾ ಕೂಲಿ," ಎಂದರು. ಅಜ್ಜಾರು ತಮ್ಮ ಎರಡನೆಯ ರೂಪಾಯಿಯನ್ನೂ ಬಿಡಲಿಲ್ಲ, ಕೈ ಚಾಚಿ ಇಸಿದುಕೊಂಡರು!

ಮರುದಿನ ಬೆಳಗ್ಗೆ ಊರು ಬಾಯಿಮೇಲೆ ಬೆರಳಿಟ್ಟಿತು. ಚನ್ನಮಲ್ಲಪ್ಪ ಸಾವುಕಾರರು ಬರಿತಲೆಯಲ್ಲಿ ಬಂದು ಹೆಂಗಸರ ನಡುವೆ ಧಮ್ಮಸು ಹಿಡಿದಿದ್ದರು. ಅದನ್ನು ಕಂಡ ಮೇಲೆ ಗಂಡಾಳುಗಳ ಮೀಸೆಯೂ ಇಳಿಯಿತು, ಅವರೂ ಬುಟ್ಟಿಗೆ ಕೈ ಹಚ್ಚಿದರು. ಕೊಟ್ಟಿಗೆ ನೋಡನೋಡುತ್ತ ಎದ್ದಿತು. ತಗಡು ಹೊದಿಸಿ, ಮೇವನ್ನೆಲ್ಲ ಒಳಗೆ ಒಟ್ಟಿದ ದಿನ ಸಂಜೆ ಅಜ್ಜಾರು ಹಣದ ಚೀಲವನ್ನು ದುರುಗವ್ವನ ಕೈಗೆ ಕೊಟ್ಟರು.

"ಇವತ್ತ ನೀ ಹಂಚವ್ವಾ."

ಸಾಲಿನ ಕೊನೆಗೆ ಸಾವುಕಾರರು ನಿಂತಿದ್ದರು. ಅವಳು ಅವರ ಅಂಗೈ ನೋಡಿದಳು, ಅಲ್ಲೂ ಬೊಬ್ಬೆ. "ಹೊಸಾ ಆಳು. ಅರ್ಧಾ ಕೊಡ್ಲೇನ್ರಿ ಅಜ್ಜಾರ?" ಎಂದಳು. ಇಡೀ ಅಂಗಳ ನಕ್ಕಿತು, ಅಜ್ಜಾರು ಎಲ್ಲರಿಗಿಂತ ಜೋರಾಗಿ ನಕ್ಕರು. ಸಾವುಕಾರರೂ ನಕ್ಕರು. ಅವಳು ಎರಡು ರೂಪಾಯಿಯನ್ನು ಅವರ ಕೈಯಲ್ಲಿಟ್ಟು ಮುಚ್ಚಿ, "ತಗೋ ಯಣ್ಣಾ, ಪೂರಾ ಐತಿ," ಎಂದಳು. ಹುಟ್ಟಿದಾಗಿನಿಂದ ಸಾವುಕಾರ್ರ ಎಂದವಳ ಬಾಯಲ್ಲಿ ಯಣ್ಣಾ ಎಂಬ ಮಾತು ಅಂದು ಮೊದಲ ಸಲ ಬಂತು.

ಅಷ್ಟರಲ್ಲಿ ಗಾಳಿ ಎದ್ದಿತು. ಅಬ್ಬಬ್ಬಾ, ಎಂಥ ಗಾಳಿ, ಎಂಥ ಮಳೆ! ಎಲ್ಲರೂ ಕೊಟ್ಟಿಗೆಯೊಳಕ್ಕೆ ನುಗ್ಗಿದರು. ದನ, ಆಳು, ಸಾವುಕಾರರು ಎಲ್ಲ ಒಂದೇ ಸೂರಿನಡಿ. ಅಜ್ಜಾರು ಕೈಯೆತ್ತಿ ಗಾಳಿಯನ್ನು ತಡೆದರೆಂದು ಕೆಲವು ಭಕ್ತರು ಹೇಳುತ್ತಾರೆ. ಹೇಳಲಿ ಬಿಡಿ. ಯಮನೂರಪ್ಪ ಕಣ್ಣಾರೆ ಕಂಡದ್ದೇ ಬೇರೆ: ಅಜ್ಜಾರು ಮೇವಿಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಗಾಳಿ ಬಂದಷ್ಟೂ ಬಂತು, ಕಂಬ ಒಂದೂ ಮಿಸುಕಲಿಲ್ಲ, ಕಣಿಕೆಯ ಒಂದು ಎಳೆಯೂ ನೆನೆಯಲಿಲ್ಲ. ದುರುಗವ್ವ ಕಂಬಕ್ಕೆ ಹೆಗಲು ಕೊಟ್ಟು ದಬ್ಬಿ ನೋಡಿ, "ನಮ್ಮ ಕೈಕೆಲಸ ನೋಡ್ರಿ!" ಎಂದು ಕೂಗಿದಳು. ಒಳಗಿದ್ದವರೆಲ್ಲ ಜಯಕಾರ ಹಾಕಿದರು.

ಸಾವುಕಾರರ ಮನೆಯ ದೇವರ ಜಗಲಿಯಲ್ಲಿ ಬೆಳ್ಳಿಯ ಮೂರ್ತಿಗಳ ನಡುವೆ ದುರುಗವ್ವ ಕೊಟ್ಟ ಆ ಎರಡು ರೂಪಾಯಿ ಕೊನೆಯವರೆಗೂ ಇದ್ದವು. ಪೂಜೆಯ ಹೊತ್ತಿಗೆ ಅವಕ್ಕೂ ವಿಭೂತಿ ಹಚ್ಚುತ್ತಿದ್ದರು. ಇದ್ಯಾಕಜ್ಜ ಎಂದು ಮೊಮ್ಮಕ್ಕಳು ಕೇಳಿದರೆ ಅವರು ಹೇಳುತ್ತಿದ್ದರಂತೆ: "ಈ ಮನ್ಯಾಗ ಇರೂದೆಲ್ಲಾ ನಮ್ಮಪ್ಪ ಗಳಿಸಿದ್ದು. ಇದೊಂದ ನಾ ಗಳಿಸಿದ್ದು."